ಹಿರಿಯ ಹಾಗೂ ಹೆಸರಾಂತ ಮರಗಳು: ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಸಾರ್ವಜನಿಕರು ತಮ್ಮ ನಿವೇಶನ, ಹೊಲ ಅಥವಾ ಬೀದಿಯಲ್ಲಿರುವ ಮರಗಳನ್ನು ಕಡಿಯಲು ಅನುಮತಿ ಕೋರಿ ಅರ್ಜಿ ಸಲ್ಲಿಸುವುದುಂಟು. ಹಳೆಯ ಮರವೊಂದನ್ನು ಉಳಿಸಿಕೊಡಬೇಕೆಂದು ಕೋರಿ ಬರುವವರೂ ಇರುತ್ತಾರೆ. ಈ ಎರಡೂ ಸಂದರ್ಭಗಳಲ್ಲಿ ಮೊದಲು ಏಳುವ ಪ್ರಶ್ನೆಗಳು ಒಂದೇ ಆಗಿವೆ: ಆ ಮರ ಯಾವುದು, ಅದರ ಅಳತೆ ಎಷ್ಟು, ಅದು ಯಾವ ದಾಖಲೆಯಲ್ಲಿದೆ?

ಕಟ್ಟಡಕ್ಕೆ ಶಾಸನವಿರುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯು 1367ರಲ್ಲಿ ನಿರ್ಮಾಣವಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಊರಿನ ಕಟ್ಟೆಯ ಮೇಲಿನ ಬೇವಿಗೆ ಯಾವ ಶಾಸನವೂ ಇರುವುದಿಲ್ಲ. ಅದರ ವಯಸ್ಸು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿರುತ್ತದೆ. ಮಾತು ಮರೆಯಾದ ಮೇಲೆ ಮರವು ಕಡತದಲ್ಲಿ "ಬೇವು-1" ಎಂಬ ಒಂದು ಸಾಲು ಮಾತ್ರವಾಗುತ್ತದೆ. ನಾಡಿನಲ್ಲಿ ಹೆಸರಾಗಿ ಉಳಿದಿರುವ ಹಿರಿಯ ಮರಗಳು ಯಾವುವು, ಅವು ಹೇಗೆ ಉಳಿದವು, ಅಂತಹ ಮರವೊಂದು ತಮ್ಮ ಊರಿನಲ್ಲಿದ್ದರೆ ನಾಗರಿಕರು ಏನು ಮಾಡಬಹುದು ಮತ್ತು ಮರ ಕಡಿಯಬೇಕಾಗಿ ಬಂದಲ್ಲಿ ಯಾವ ಕ್ರಮ ಅನುಸರಿಸತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಹಿರಿಯ ಮರ ಎಂದರೆ ಯಾವುದು?

ಸಾಮಾನ್ಯವಾಗಿ ಮೂರು ರೀತಿಯ ಹಿರಿಮೆಗಳನ್ನು ಗುರುತಿಸಲಾಗುತ್ತದೆ.

ಅ) ವಯಸ್ಸಿನಲ್ಲಿ ಹಿರಿದಾದ ಮರ. ಉದಾಹರಣೆಗೆ ಹಲವು ತಲೆಮಾರುಗಳಿಂದ ಒಂದೇ ಸ್ಥಳದಲ್ಲಿರುವ ಹುಣಸೆ.
ಆ) ಗಾತ್ರದಲ್ಲಿ ಹಿರಿದಾದ ಮರ. ಎತ್ತರ, ಕಾಂಡದ ಸುತ್ತಳತೆ ಅಥವಾ ಹರಹು ಇದಕ್ಕೆ ಆಧಾರ. ಆಲದ ಮರಗಳ ದಾಖಲೆಗಳು ಬಹುತೇಕ ಹರಹಿಗೆ ಸಂಬಂಧಿಸಿದವು.
ಇ) ಸಂಬಂಧದಿಂದ ಹಿರಿದಾದ ಮರ. ದೇವಸ್ಥಾನ, ಮಠ, ದರ್ಗಾ, ಬಾವಿ ಅಥವಾ ಊರಿನ ಪಂಚಾಯಿತಿ ಕಟ್ಟೆಯೊಂದಿಗೆ ಜನರ ನೆನಪಿನಲ್ಲಿ ಸೇರಿಹೋದ ಮರ.

ಈ ಭಾಗದ ಆಡುಮಾತಿನಲ್ಲಿ ದೊಡ್ಡ ಮರವನ್ನೂ "ಗಿಡ" ಎಂದೇ ಕರೆಯುತ್ತಾರೆ. ಬೇವಿನ ಗಿಡ, ಹುಣಸಿ ಗಿಡ, ಬನ್ನಿ ಗಿಡ ಎಂಬವು ನೂರು ವರ್ಷದ ಮರಕ್ಕೂ ಸಲ್ಲುವ ಮಾತುಗಳಾಗಿವೆ. ಆದರೆ ಅರ್ಜಿಯಲ್ಲಿ "ಮರ" ಎಂದು ಬರೆಯುವುದು ಸೂಕ್ತ. ಗಿಡವೆಂದು ಬರೆದಲ್ಲಿ ಅದನ್ನು ಚಿಕ್ಕ ಸಸಿಯೆಂದು ತಿಳಿಯುವ ಸಂಭವವಿರುತ್ತದೆ.

ಕಮಲಾಪುರದ ಹೆಸರನ್ನು ನಾಡಿನಾದ್ಯಂತ ಪರಿಚಯಿಸಿರುವುದು ಭೌಗೋಳಿಕ ಸೂಚಿಕೆ ಪಡೆದಿರುವ ಕೆಂಪು ಬಾಳೆ. ಬಾಳೆಯನ್ನು ರೂಢಿಯಲ್ಲಿ "ಬಾಳೆ ಮರ" ಎಂದು ಕರೆದರೂ ಸಸ್ಯಶಾಸ್ತ್ರದ ಪ್ರಕಾರ ಅದು ಮರವಲ್ಲ, ಬೃಹತ್ ಗಾತ್ರದ ಮೂಲಿಕೆ. ಅದರ "ಕಾಂಡ"ವು ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದದ್ದಾಗಿದೆ. ಗೊನೆ ಬಿಟ್ಟ ಮೇಲೆ ಆ ಕಾಂಡ ಮುಗಿಯುತ್ತದೆ, ಪಕ್ಕದ ಕಂದು ಮುಂದುವರಿಯುತ್ತದೆ. ಆದುದರಿಂದ ಬಾಳೆ ತೋಟಕ್ಕೂ ಈ ಪುಟದಲ್ಲಿ ಹೇಳಿರುವ ಮರ ಕಡಿಯುವ ಅನುಮತಿಗೂ ಸಂಬಂಧವಿರುವುದಿಲ್ಲ. ಅದೇ ತೋಟದ ಬದುವಿನಲ್ಲಿರುವ ಬೇವು, ಹುಣಸೆ, ಮಾವುಗಳಿಗೆ ಸಂಬಂಧವಿರುತ್ತದೆ.

3. ಮರದ ವಯಸ್ಸನ್ನು ತಿಳಿಯುವ ಬಗೆ

ಊರಿನಲ್ಲಿ "ಐನೂರು ವರ್ಷದ ಮರ", "ಸಾವಿರ ವರ್ಷದ ಮರ" ಎಂಬ ಮಾತುಗಳು ಸಾಮಾನ್ಯ. ಇವು ಗೌರವದ ಮಾತುಗಳೇ ಹೊರತು ಎಲ್ಲ ಸಂದರ್ಭಗಳಲ್ಲಿಯೂ ಅಳತೆಯ ಮಾತುಗಳಲ್ಲ. ವಯಸ್ಸನ್ನು ತಿಳಿಯಲು ಮುಖ್ಯವಾಗಿ ಮೂರು ವಿಧಾನಗಳಿವೆ.

ಒಂದನೆಯದು, ವಾರ್ಷಿಕ ಉಂಗುರಗಳ ಎಣಿಕೆ. ಚಳಿ ಮತ್ತು ಬೇಸಿಗೆ ಸ್ಪಷ್ಟವಾಗಿ ಬೇರೆಬೇರೆಯಾಗಿರುವ ದೇಶಗಳ ಮರಗಳಲ್ಲಿ ಪ್ರತಿ ವರ್ಷ ಒಂದು ಉಂಗುರ ಮೂಡುತ್ತದೆ. ನಮ್ಮ ಮರಗಳ ಪೈಕಿ ತೇಗದಲ್ಲಿ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ. ಉಷ್ಣವಲಯದ ಹಲವು ಮರಗಳಲ್ಲಿ ಅವು ಅಸ್ಪಷ್ಟವಾಗಿರುತ್ತವೆ.

ಎರಡನೆಯದು, ಇಂಗಾಲದ ಕಾಲನಿರ್ಣಯ. ಕಾಂಡದ ಒಳಭಾಗದ ಚಿಕ್ಕ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಒಳಭಾಗ ಟೊಳ್ಳಾಗಿದ್ದಲ್ಲಿ ಅತ್ಯಂತ ಹಳೆಯ ಕಟ್ಟಿಗೆಯೇ ಉಳಿದಿರುವುದಿಲ್ಲ.

ಮೂರನೆಯದು, ಸುತ್ತಳತೆಯಿಂದ ಮಾಡುವ ಅಂದಾಜು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆಯನ್ನು ಅಳೆಯಲಾಗುತ್ತದೆ. ಇದು ಸುಲಭವಾದರೂ ಎಚ್ಚರಿಕೆಯಿಂದ ಬಳಸತಕ್ಕ ವಿಧಾನವಾಗಿದೆ. ಬಾವಿಯ ಪಕ್ಕದಲ್ಲಿ ನೀರುಂಡು ಬೆಳೆದ ಬೇವು ಬೇಗ ದಪ್ಪವಾಗುತ್ತದೆ. ಮಳೆಯಾಶ್ರಿತ ಹೊಲದ ಬದುವಿನ ಬೇವು ಅದೇ ಗಾತ್ರ ಪಡೆಯಲು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಬಿಸಿಲು ಹೆಚ್ಚು, ಮಳೆ ಅನಿಶ್ಚಿತವಾಗಿರುವ ಕಲಬುರಗಿಯಂತಹ ಪ್ರದೇಶದಲ್ಲಿ ನೋಡಲು ಸಾಧಾರಣವಾದ ಮರವೂ ಎಣಿಸಿದ್ದಕ್ಕಿಂತ ಹಿರಿದಾಗಿರಬಹುದು.

ಆಲದ ಮರಕ್ಕೆ ಈ ಮೂರೂ ವಿಧಾನಗಳು ಸುಲಭವಾಗಿ ಒಗ್ಗುವುದಿಲ್ಲ. ಬಿಳಲುಗಳು ನೆಲಕ್ಕಿಳಿದು ಕಾಂಡಗಳಾಗುತ್ತವೆ, ಕಾಲಾಂತರದಲ್ಲಿ ಮೂಲ ಕಾಂಡವೇ ಇಲ್ಲವಾಗುತ್ತದೆ. ಆದ್ದರಿಂದ ಆಲದ ವಿಷಯದಲ್ಲಿ ವಯಸ್ಸಿಗಿಂತ ಹರಹಿನ ಅಳತೆಯನ್ನು ದಾಖಲಿಸುವುದು ಹೆಚ್ಚು ನಂಬಲರ್ಹವಾಗಿರುತ್ತದೆ.

4. ಕರ್ನಾಟಕದ ಹೆಸರಾಂತ ಹಿರಿಯ ಮರಗಳು

4.1 ದೊಡ್ಡ ಆಲದ ಮರ, ಕೇತೋಹಳ್ಳಿ: ಬೆಂಗಳೂರಿನ ಪಶ್ಚಿಮಕ್ಕೆ ರಾಮೋಹಳ್ಳಿಯ ಸಮೀಪವಿರುವ ಈ ಮರವು ಸುಮಾರು 3 ಎಕರೆ ಪ್ರದೇಶದಲ್ಲಿ ಹರಡಿದೆ. ವಯಸ್ಸು ಸುಮಾರು 400 ವರ್ಷಗಳೆಂದು ಅಂದಾಜು. ರೋಗದಿಂದ ಮೂಲ ಕಾಂಡವು ನಾಶವಾಗಿದ್ದರೂ ಬಿಳಲುಗಳ ಆಧಾರದಿಂದ ಮರವು ಉಳಿದಿದೆ. 2024ರ ಜೂನ್ ತಿಂಗಳ ಮಳೆಗಾಳಿಗೆ ಇದರ ಒಂದು ಭಾಗ ನೆಲಕ್ಕುರುಳಿತು.

4.2 ನಲ್ಲೂರು ಹುಣಸೆ ತೋಪು: ದೇವನಹಳ್ಳಿ ತಾಲ್ಲೂಕಿನ ಈ ತೋಪಿನ ವಿಸ್ತಾರ ಸುಮಾರು 54 ಎಕರೆ. ಇಲ್ಲಿ ಸುಮಾರು 300 ಹುಣಸೆ ಮರಗಳಿದ್ದು, ಕೆಲವು 400 ವರ್ಷಗಳನ್ನು ಮೀರಿದವೆಂದು ಅಂದಾಜಿಸಲಾಗಿದೆ. ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ 2007ರಲ್ಲಿ ಇದನ್ನು ದೇಶದ ಪ್ರಥಮ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಹುಣಸೆಯಂತಹ ಸಾಮಾನ್ಯ ಮರಗಳ ತೋಪಿಗೆ ಈ ಮನ್ನಣೆ ದೊರೆತದ್ದನ್ನು ಕಲಬುರಗಿ ಭಾಗದ ಜನರು ವಿಶೇಷವಾಗಿ ಗಮನಿಸಬೇಕಾಗಿದೆ. ಏಕೆಂದರೆ ಇಲ್ಲಿನ ಊರುಗಳಲ್ಲಿಯೂ ಹುಣಸೆಯೇ ಹಿರಿಯ ಮರಗಳಲ್ಲಿ ಪ್ರಮುಖವಾದುದು.

4.3 ಸವಣೂರಿನ ದೊಡ್ಡ ಹುಣಸೆ ಮರಗಳು: ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿನ ಈ ಮೂರು ಬೃಹತ್ ಮರಗಳು ನಿಜವಾಗಿ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಕಾಯಿಯ ತಿರುಳು ಹುಳಿಯಾಗಿರುವುದರಿಂದ ಈ ಹೆಸರು ಬಂದಿದೆ. ದಖ್ಖನಿ ಮಾತಿನಲ್ಲಿ ಇದಕ್ಕೆ ಗೋರಖ್ ಇಮ್ಲಿ ಎಂದು ಹೆಸರು. 2023ರ ಜುಲೈ ತಿಂಗಳಲ್ಲಿ ಮೂರರಲ್ಲಿ ಒಂದು ಮರ ಉರುಳಿತು. ಅದನ್ನು ಕಡಿದು ಸಾಗಿಸುವ ಬದಲು ಮತ್ತೆ ನೆಟ್ಟು ನಿಲ್ಲಿಸುವ ಕಾರ್ಯವನ್ನು ಕೈಗೊಳ್ಳಲಾಯಿತು. ವಿಜಯಪುರದಲ್ಲಿಯೂ ಆದಿಲ್‌ಶಾಹಿ ಸ್ಮಾರಕಗಳ ನಡುವೆ ಹಳೆಯ ಬಾವೋಬಾಬ್ ಮರಗಳಿವೆ. ಈ ಮರಗಳು ಭಾರತಕ್ಕೆ ಒಂದೇ ಸಲ ಬಾರದೆ ಬೇರೆಬೇರೆ ಕಾಲಗಳಲ್ಲಿ, ಬೇರೆಬೇರೆ ಮಾರ್ಗಗಳಲ್ಲಿ ಬಂದವೆಂದು 2015ರಲ್ಲಿ ಪ್ರಕಟವಾದ ತಳಿವಿಜ್ಞಾನ ಅಧ್ಯಯನವೊಂದು ತಿಳಿಸಿದೆ.

4.4 ದೊಡ್ಡ ಸಂಪಿಗೆ: ಚಾಮರಾಜನಗರ ಜಿಲ್ಲೆಯ ಬಿಳಿಗಿರಿ ರಂಗನ ಬೆಟ್ಟದ ಕಾಡಿನಲ್ಲಿರುವ ಈ ಸಂಪಿಗೆ ಮರವು ಸೋಲಿಗ ಸಮುದಾಯದವರ ಆರಾಧ್ಯ ಸ್ಥಳವಾಗಿದೆ. ಇದು ಅನೇಕ ಶತಮಾನಗಳಷ್ಟು ಹಳೆಯದೆಂದು ನಂಬಲಾಗಿದೆ. ಬೇಲಿ ಅಥವಾ ಕಾವಲಿಗಿಂತ ಸಮುದಾಯದ ಭಕ್ತಿಯೇ ಇದನ್ನು ಕಾಪಾಡಿಕೊಂಡು ಬಂದಿದೆ.

4.5 ಹುಲಿಕಲ್–ಕುದೂರು ಸಾಲುಮರಗಳು: ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಸಾಲುಮರದ ತಿಮ್ಮಕ್ಕ ಹಾಗೂ ಅವರ ಪತಿ ಚಿಕ್ಕಯ್ಯ ಅವರು ರಸ್ತೆಯ ಬದಿಯಲ್ಲಿ ನೆಟ್ಟು ನೀರೆರೆದು ಬೆಳೆಸಿದ 385 ಆಲದ ಮರಗಳು ಇಲ್ಲಿವೆ. ತಿಮ್ಮಕ್ಕ ಅವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಈ ಮರಗಳಿಗೆ ಅಪಾಯ ಒದಗಿದಾಗ ಮರಗಳನ್ನು ಉಳಿಸುವಂತೆ ಅಂದಿನ ಮುಖ್ಯಮಂತ್ರಿಯವರು ಸೂಚಿಸಿದರು. ತಿಮ್ಮಕ್ಕ ಅವರು 2025ರ ನವೆಂಬರ್ 14ರಂದು ನಿಧನರಾದರು. ಮರಗಳನ್ನು ಯಾರು ನೆಟ್ಟರು, ಎಷ್ಟು ನೆಟ್ಟರು ಎಂಬುದು ಎಲ್ಲರಿಗೂ ತಿಳಿದಿದ್ದ ಕಾರಣ ಆ ಮರಗಳ ಪರವಾಗಿ ಮಾತನಾಡುವುದು ಸುಲಭವಾಯಿತು. ಹೆಸರು ಮತ್ತು ಸಂಖ್ಯೆ ಇಲ್ಲದ ಮರಗಳಿಗೆ ಇಂತಹ ಅನುಕೂಲವಿರುವುದಿಲ್ಲ.

5. ನೆರೆಯ ರಾಜ್ಯಗಳು ಹಾಗೂ ಹೊರಜಗತ್ತು

5.1 ತಿಮ್ಮಮ್ಮ ಮರ್ರಿಮಾನು: ಆಂಧ್ರಪ್ರದೇಶದ ಕದಿರಿ ಸಮೀಪದ ಈ ಆಲದ ಮರದ ಹರಹು ಸುಮಾರು 19,000 ಚದರ ಮೀಟರ್, ಎಂದರೆ ಸುಮಾರು 4.7 ಎಕರೆ. 1989ರಲ್ಲಿ ಇದು ಗಿನ್ನೆಸ್ ದಾಖಲೆಗಳ ಪುಸ್ತಕಕ್ಕೆ ಸೇರಿತು. ಇದನ್ನು ಹೊರಜಗತ್ತಿನ ಗಮನಕ್ಕೆ ತಂದವರು ಕರ್ನಾಟಕದ ಪತ್ರಕರ್ತರಾದ ರಿಗ್ರೆಟ್ ಅಯ್ಯರ್. ಶತಮಾನಗಳ ಕಾಲ ಸ್ಥಳೀಯರು ಮಾತ್ರ ಬಲ್ಲ ಮರವು ಒಬ್ಬರು ಅದರ ವಿವರವನ್ನು ಬರೆದು ಕಳುಹಿಸಿದ ಮೇಲೆ ಜಗತ್ತಿಗೆ ತಿಳಿಯಿತು.

5.2 ಪಿಲ್ಲಲಮರ್ರಿ: ಕಲಬುರಗಿಯಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಹಬೂಬ್‌ನಗರದ ಈ ಆಲದ ಮರವು ಸುಮಾರು 700 ವರ್ಷ ಹಳೆಯದೆಂದು ಪ್ರತೀತಿ. ಗೆದ್ದಲಿನ ಬಾಧೆಯಿಂದ ಸೊರಗಿದ ಇದಕ್ಕೆ 2018ರಲ್ಲಿ ಕೀಟನಾಶಕದ ದ್ರಾವಣವನ್ನು ರೋಗಿಗೆ ಸಲೈನ್ ಕೊಡುವ ರೀತಿಯಲ್ಲಿ ಹನಿಹನಿಯಾಗಿ ನೀಡಿ ಚಿಕಿತ್ಸೆ ಮಾಡಲಾಯಿತು.

5.3 ಹೌರಾದ ಮಹಾ ಆಲ: ಪಶ್ಚಿಮ ಬಂಗಾಳದ ಶಿಬಪುರದ ಸಸ್ಯೋದ್ಯಾನದಲ್ಲಿರುವ ಈ ಮರದ ವಯಸ್ಸು 250 ವರ್ಷಗಳಿಗೂ ಹೆಚ್ಚು. ಚಂಡಮಾರುತಗಳಿಗೆ ಸಿಕ್ಕಿ ಶಿಲೀಂಧ್ರ ತಗುಲಿದ ಮೂಲ ಕಾಂಡವನ್ನು 1925ರಲ್ಲಿ ತೆಗೆಯಲಾಯಿತು. ಅಂದಿನಿಂದ ಮೂಲ ಕಾಂಡವಿಲ್ಲದೆಯೇ ಮರ ಬೆಳೆಯುತ್ತಿದೆ. ರೋಗ ತಗುಲಿದ ಭಾಗವನ್ನು ತೆಗೆದು ಉಳಿದ ಮರವನ್ನು ಕಾಪಾಡಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

5.4 ಹೊರದೇಶಗಳು: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮೆಥುಸೆಲಾ ಎಂಬ ಪೈನ್ ಮರಕ್ಕೆ ಉಂಗುರಗಳ ಎಣಿಕೆಯಂತೆ 4,800 ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆ. ಅದೇ ರಾಜ್ಯದ ಹೈಪೀರಿಯನ್ ಎಂಬ ರೆಡ್‌ವುಡ್ ಮರವು 115 ಮೀಟರಿಗಿಂತ ಎತ್ತರವಾಗಿದ್ದು, ಜಗತ್ತಿನ ಅತಿ ಎತ್ತರದ ಮರವೆಂದು ಹೆಸರಾಗಿದೆ. ಶ್ರೀಲಂಕಾದ ಅನುರಾಧಪುರದ ಬೋಧಿವೃಕ್ಷವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ನೆಡಲಾಯಿತೆಂದು ಇತಿಹಾಸಗ್ರಂಥಗಳು ದಾಖಲಿಸಿವೆ. ಮನುಷ್ಯರು ನೆಟ್ಟ, ನೆಟ್ಟ ಕಾಲ ತಿಳಿದಿರುವ ಮರಗಳಲ್ಲಿ ಇದೇ ಅತ್ಯಂತ ಹಳೆಯದು. ಇನ್ನೊಂದೆಡೆ, ಆಫ್ರಿಕಾದ ಅತ್ಯಂತ ಹಿರಿಯ 13 ಬಾವೋಬಾಬ್ ಮರಗಳ ಪೈಕಿ 9 ಮರಗಳು 2005ರಿಂದೀಚೆಗೆ ಪೂರ್ಣವಾಗಿ ಅಥವಾ ಭಾಗಶಃ ನಾಶವಾದವೆಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಸಾವಿರಾರು ವರ್ಷ ಬದುಕಿದ ಮರ ಇನ್ನು ಮುಂದೆಯೂ ತಾನಾಗಿಯೇ ಬದುಕುತ್ತದೆ ಎಂದು ಭಾವಿಸುವಂತಿಲ್ಲ.

6. ಕಲಬುರಗಿ ಮತ್ತು ಕಮಲಾಪುರ

ಕಲಬುರಗಿ ಜಿಲ್ಲೆ ಬಯಲುಸೀಮೆಯ ನಾಡು. ಕಪ್ಪು ಎರೆಮಣ್ಣಿನ ತೊಗರಿ ಹೊಲಗಳ ನಡುವೆ ದಟ್ಟ ಕಾಡು ಅಪರೂಪ. ಕಮಲಾಪುರದಾಚೆಯ ಚಿಂಚೋಳಿ ಸೀಮೆಯಲ್ಲಿ 134.88 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಉಳಿದಂತೆ ಈ ಭಾಗದ ಹಿರಿಯ ಮರಗಳು ಇರುವುದು ಕಾಡಿನಲ್ಲಿ ಅಲ್ಲ, ಜನವಸತಿಯ ನಡುವೆಯೇ. ದೇವಸ್ಥಾನದ ಮುಂದಿನ ಅರಳಿ–ಬೇವಿನ ಕಟ್ಟೆ, ದರ್ಗಾದ ಆವರಣದ ನೆರಳು, ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿ, ಊರ ಹೊರಗಿನ ಹುಣಸೆ, ಹಳೆಯ ಬಾವಿಯ ಬದಿಯ ಆಲ, ಹೊಲದ ಬದುವಿನ ಬೇವು ಮತ್ತು ಮಾವು ಇವೇ ಇಲ್ಲಿನ ಹಿರಿಯ ಮರಗಳು. ಕಲಬುರಗಿ ತಾಲ್ಲೂಕಿನ ಹುಣಸಿಹಡಗಿಲ, ನೆರೆಯ ಯಾದಗಿರಿ ಜಿಲ್ಲೆಯ ಹುಣಸಗಿ ಮುಂತಾದ ಊರುಗಳು ಹುಣಸೆಯನ್ನು ತಮ್ಮ ಹೆಸರಿನಲ್ಲಿಯೇ ಇರಿಸಿಕೊಂಡಿವೆ.

ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ಪ್ರದೇಶದಲ್ಲಿ ದೊಡ್ಡ ಮರವು ಶೋಭೆಯ ವಸ್ತುವಲ್ಲ. ಬಸ್ಸಿಗಾಗಿ ಕಾಯುವವರು, ಸಂತೆಗೆ ಬಂದವರು, ಹಣ್ಣು–ತರಕಾರಿ ಮಾರುವವರು, ಕೂಲಿಗೆ ಬಂದವರು, ದನಕರುಗಳು ಮಧ್ಯಾಹ್ನ ಆಶ್ರಯಿಸುವುದು ಅದನ್ನೇ. ಅಂತಹ ಒಂದು ಮರ ಹೋದಲ್ಲಿ ಅದರ ಬದಲಿಗೆ ನೆಟ್ಟ ಹತ್ತು ಸಸಿಗಳು ಅಷ್ಟು ನೆರಳು ಕೊಡುವ ಹೊತ್ತಿಗೆ ಇಂದಿನ ಮಕ್ಕಳು ಮಧ್ಯವಯಸ್ಸಿನವರಾಗಿರುತ್ತಾರೆ.

ಈ ಮರಗಳಿಗೆ ಅಪಾಯ ಬರುವ ಸಂದರ್ಭಗಳು ಸಾಮಾನ್ಯವಾಗಿ ಇವು: ಆಸ್ತಿ ಪಾಲಾಗುವಾಗ ಬದುವಿನ ಮರ ಯಾರದೆಂಬ ತಕರಾರು, ಕೃಷಿ ಭೂಮಿಯು ನಿವೇಶನಗಳಾಗಿ ಪರಿವರ್ತನೆಯಾಗುವುದು, ರಸ್ತೆ ಅಗಲೀಕರಣ, ಒಳಚರಂಡಿ ಮತ್ತು ನೀರಿನ ಕೊಳವೆಗಾಗಿ ಬೇರು ಕಡಿಯುವುದು, ವಿದ್ಯುತ್ ತಂತಿಗಾಗಿ ಕೊಂಬೆಗಳನ್ನು ಒಂದೇ ಬದಿಯಲ್ಲಿ ಕಡಿಯುವುದು. ಇವುಗಳಲ್ಲಿ ಬಹುಪಾಲು ಸಂದರ್ಭಗಳಲ್ಲಿ ಮೊದಲೇ ವಿಚಾರಿಸಿದಲ್ಲಿ ಮರ ಮತ್ತು ಕಾಮಗಾರಿ ಎರಡನ್ನೂ ಉಳಿಸಿಕೊಳ್ಳಲು ಸಾಧ್ಯವಿರುತ್ತದೆ.

7. ಹಿರಿಯ ಮರದ ಬೆಲೆ

ಮರ ಕಡಿದಾಗ ಅದರ ಬೆಲೆಯನ್ನು ಕಟ್ಟಿಗೆಯ ತೂಕದಿಂದ ಲೆಕ್ಕ ಹಾಕುವುದು ರೂಢಿ. ಪಶ್ಚಿಮ ಬಂಗಾಳದ ಜೆಸ್ಸೋರ್ ರಸ್ತೆಯ ಮರಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ತಜ್ಞರ ಸಮಿತಿಯು ಬೇರೆ ಲೆಕ್ಕವನ್ನು ಮುಂದಿಟ್ಟಿತು. ಆಮ್ಲಜನಕ, ಗೊಬ್ಬರ ಮುಂತಾದ ಪ್ರಯೋಜನಗಳನ್ನು ಸೇರಿಸಿ ಒಂದು ಮರದ ಮೌಲ್ಯವು ವರ್ಷಕ್ಕೆ 74,500 ರೂ. ಎಂದೂ, ನೂರು ವರ್ಷ ಮೀರಿದ ಪಾರಂಪರಿಕ ಮರದ ಮೌಲ್ಯವು ಒಂದು ಕೋಟಿ ರೂ.ಗಿಂತ ಹೆಚ್ಚಾಗಬಹುದೆಂದೂ 2021ರಲ್ಲಿ ಬೆಳಕಿಗೆ ಬಂದ ಆ ವರದಿ ಹೇಳಿತು. ಆದಾಗ್ಯೂ ರೈಲ್ವೆ ಮೇಲ್ಸೇತುವೆಗಾಗಿ ಅಲ್ಲಿನ 300ಕ್ಕೂ ಹೆಚ್ಚು ಮರಗಳನ್ನು ಕಡಿಯಲು 2023ರಲ್ಲಿ ಅವಕಾಶ ದೊರೆಯಿತು. ಲೆಕ್ಕ ಹಾಕಿದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಆದರೆ ಲೆಕ್ಕವಿಲ್ಲದ ಮರದ ವಿಷಯದಲ್ಲಿ ವಿಚಾರಣೆಗೇ ಅವಕಾಶವಾಗುವುದಿಲ್ಲ.

ಬೇರೆ ರಾಜ್ಯಗಳಲ್ಲಿಯೂ ಹಿರಿಯ ಮರಗಳಿಗೆ ಪ್ರತ್ಯೇಕ ಮನ್ನಣೆ ದೊರೆತಿದೆ. ಮಹಾರಾಷ್ಟ್ರವು 2021ರಲ್ಲಿ ತನ್ನ ನಗರ ಪ್ರದೇಶಗಳ ಮರಗಳ ಕಾಯ್ದೆಯನ್ನು ತಿದ್ದುಪಡಿ ಮಾಡಿ 50 ವರ್ಷ ಮೀರಿದ ಮರಗಳನ್ನು ಪಾರಂಪರಿಕ ಮರಗಳೆಂದು ಪರಿಗಣಿಸಿತು. ಹರಿಯಾಣವು 2023ರಲ್ಲಿ 75 ವರ್ಷ ಮೀರಿದ ಮರಗಳ ಪಾಲನೆಗಾಗಿ ವಾರ್ಷಿಕ ಪಿಂಚಣಿ ನೀಡುವ ಯೋಜನೆಯನ್ನು ಜಾರಿಗೆ ತಂದಿತು.

8. ಮರ ಕಡಿಯಲು ಅನುಮತಿ

ಕರ್ನಾಟಕದಲ್ಲಿ ಮರ ಕಡಿಯುವುದನ್ನು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ನಿಯಂತ್ರಿಸುತ್ತದೆ. ಸ್ವಂತ ಜಮೀನಿನ ಮರವಾದರೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಕಡಿಯುವಂತಿಲ್ಲ. ಅರಣ್ಯ ಇಲಾಖೆಯ ಅಧಿಕಾರಿಗಳು ವೃಕ್ಷಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಾರೆ. ಬುಡದ ತೊಗಟೆಯನ್ನು ಸುತ್ತಲೂ ಕೆತ್ತುವುದು, ಬುಡಕ್ಕೆ ಬೆಂಕಿ ಇಡುವುದು, ರಾಸಾಯನಿಕ ಹಾಕಿ ಒಣಗಿಸುವುದು ಸಹ ಕಡಿಯುವುದಕ್ಕೆ ಸಮನಾದ ಕೃತ್ಯಗಳಾಗಿವೆ. ಉಲ್ಲಂಘನೆಯು ದಂಡನಾರ್ಹ ಅಪರಾಧವಾಗಿರುತ್ತದೆ.

8.1 ಅನುಮತಿಗೆ ಪರಿಗಣಿಸಬಹುದಾದ ಮುಖ್ಯ ಕಾರಣಗಳು:
– ಮರವು ಸತ್ತಿರುವುದು, ರೋಗಗ್ರಸ್ತವಾಗಿರುವುದು ಅಥವಾ ಗಾಳಿಗೆ ಉರುಳಿರುವುದು.
– ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡಿರುವುದು.
– ಸಂಚಾರಕ್ಕೆ ಅಡ್ಡಿಯಾಗಿರುವುದು.
– ಬೆಂಕಿ, ಸಿಡಿಲು, ಮಳೆ ಮುಂತಾದ ನೈಸರ್ಗಿಕ ಕಾರಣಗಳಿಂದ ಬಹುವಾಗಿ ಹಾನಿಗೊಂಡಿರುವುದು.

8.2 ಅರ್ಜಿಯಲ್ಲಿ ಇರಬೇಕಾದ ವಿವರಗಳು:
– ಅರ್ಜಿದಾರರ ಹೆಸರು, ವಿಳಾಸ ಮತ್ತು ಗುರುತಿನ ದಾಖಲೆ.
– ಜಮೀನಾದಲ್ಲಿ ಪಹಣಿ, ನಿವೇಶನವಾದಲ್ಲಿ ಸ್ವತ್ತಿನ ದಾಖಲೆ. ಜಂಟಿ ಒಡೆತನವಿದ್ದಲ್ಲಿ ಇತರರ ಒಪ್ಪಿಗೆ.
– ಮರಗಳ ಜಾತಿ, ಸಂಖ್ಯೆ ಮತ್ತು ಪ್ರತಿ ಮರದ ಸುತ್ತಳತೆ.
– ಮರವಿರುವ ಸ್ಥಳದ ಕೈನಕ್ಷೆ ಮತ್ತು ಛಾಯಾಚಿತ್ರ.
– ಕಡಿಯಲು ಕಾರಣ. "ತೊಂದರೆಯಾಗುತ್ತಿದೆ" ಎಂದಷ್ಟೇ ಬರೆಯದೆ ಯಾವ ತೊಂದರೆ ಎಂಬುದನ್ನು ಸ್ಪಷ್ಟಪಡಿಸುವುದು.

ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪಡೆಯತಕ್ಕದ್ದು. ಸ್ಥಳ ಪರಿಶೀಲನೆಯ ನಂತರ ಅನುಮತಿ ನೀಡುವ ಅಥವಾ ನಿರಾಕರಿಸುವ ಬಗ್ಗೆ ಆದೇಶ ಹೊರಡಿಸಲಾಗುತ್ತದೆ. ಕಡಿದ ಮರಕ್ಕೆ ಬದಲಾಗಿ ಸಸಿ ನೆಟ್ಟು ಬೆಳೆಸುವ ಷರತ್ತನ್ನು ಅನುಮತಿ ಪಡೆದವರು ಪಾಲಿಸಬೇಕಾಗುತ್ತದೆ. ಕಡಿದ ಕಟ್ಟಿಗೆಯನ್ನು ಸಾಗಿಸಲು ರಹದಾರಿ ಬೇಕೇ ಎಂಬುದನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು. ಆದೇಶದಿಂದ ಬಾಧಿತರಾದವರಿಗೆ ಮೇಲ್ಮನವಿಯ ಅವಕಾಶವಿದೆ.

8.3 ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಅಧಿನಿಯಮದಲ್ಲಿ ವಿನಾಯಿತಿ ಇದೆ. ಆಲ, ಅರಳಿ, ಬೇವು, ಹುಣಸೆಗಳನ್ನು ಇವುಗಳೊಂದಿಗೆ ಸೇರಿಸಿ ತಿಳಿಯಬಾರದು.

8.4 ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವವಿದ್ದಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕಾಗುತ್ತದೆ. ಯಾವುದೇ ನಾಗರಿಕರು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. "ಮರಗಳನ್ನು ಉಳಿಸಿ" ಎಂಬ ಸಾಮಾನ್ಯ ಮನವಿಗಿಂತ ನಿರ್ದಿಷ್ಟ ಮರದ ಸ್ಥಳ, ಜಾತಿ, ಸುತ್ತಳತೆ ನಮೂದಿಸಿದ ಆಕ್ಷೇಪಣೆಯನ್ನು ಸ್ಥಳದಲ್ಲಿ ಪರಿಶೀಲಿಸಿ ತೀರ್ಮಾನಿಸುವುದು ಸುಲಭವಾಗುತ್ತದೆ.

9. ಹಿರಿಯ ಮರವನ್ನು ದಾಖಲೆಗೆ ತರುವುದು

ಪಹಣಿಯಲ್ಲಿ ಮರಗಳ ಹೆಸರು ಮತ್ತು ಸಂಖ್ಯೆಗೆ ಕಲಂ ಇದೆ. ಆದರೆ ನಾಲ್ಕು ವರ್ಷದ ಬೇವಿಗೂ ನೂರು ವರ್ಷದ ಬೇವಿಗೂ ಅಲ್ಲಿ ವ್ಯತ್ಯಾಸವಿರುವುದಿಲ್ಲ. ಎರಡೂ "ಒಂದು" ಮರವೇ. ಹಿರಿಯ ಮರದ ವಿವರಗಳನ್ನು ದಾಖಲಿಸಲು ಸೂಕ್ತವಾದ ಸ್ಥಳ ಜನತಾ ಜೀವವೈವಿಧ್ಯ ದಾಖಲಾತಿ. ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚನೆಯಾಗಬೇಕಿದ್ದು, ಈ ದಾಖಲಾತಿಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕರ್ತವ್ಯಗಳಲ್ಲೊಂದು. ನಗರದವರು ಮಹಾನಗರ ಪಾಲಿಕೆಗೆ, ಕಮಲಾಪುರ ತಾಲ್ಲೂಕಿನವರು ತಮ್ಮ ಸ್ಥಳೀಯ ಸಂಸ್ಥೆಗೆ ಮನವಿ ಸಲ್ಲಿಸಬಹುದು.

ಮನವಿಯಲ್ಲಿ ಈ ಅಂಶಗಳಿರಲಿ:
1) ಮರದ ಸ್ಥಳೀಯ ಹೆಸರು ಮತ್ತು ಜಾತಿ.
2) ಇರುವ ಸ್ಥಳ: ಗ್ರಾಮ ಅಥವಾ ವಾರ್ಡು, ಸರ್ವೆ ನಂಬರು, ಹತ್ತಿರದ ಗುರುತು.
3) ಎದೆಮಟ್ಟದ ಸುತ್ತಳತೆ. ಅಳತೆಯ ದಿನಾಂಕವನ್ನು ತಪ್ಪದೆ ಬರೆಯುವುದು. ಇಳಿಜಾರು ನೆಲವಾದಲ್ಲಿ ಎತ್ತರದ ಬದಿಯಿಂದ ಅಳೆಯುವುದು.
4) ಆಲವಾದಲ್ಲಿ ಹರಹಿನ ಅಳತೆ: ಉತ್ತರ–ದಕ್ಷಿಣ ಮತ್ತು ಪೂರ್ವ–ಪಶ್ಚಿಮ.
5) ಮರದ ಬಗ್ಗೆ ಊರಿನ ಹಿರಿಯರ ಹೇಳಿಕೆ. ಪ್ರತೀತಿಯನ್ನು ಪ್ರತೀತಿಯೆಂದೇ ಬರೆಯುವುದು.
6) ಸದ್ಯದ ಸ್ಥಿತಿ: ಟೊಳ್ಳು, ಗೆದ್ದಲು, ಒಣ ಕೊಂಬೆ, ಬುಡದ ಸುತ್ತ ಸಿಮೆಂಟು.
7) ಛಾಯಾಚಿತ್ರ. ಗಾತ್ರ ತಿಳಿಯುವಂತೆ ಪಕ್ಕದಲ್ಲಿ ಒಬ್ಬರು ನಿಂತಿರುವುದು ಒಳ್ಳೆಯದು.

ದಾಖಲಾತಿಗೆ ಸೇರಿದ ಮಾತ್ರಕ್ಕೆ ಮರದ ಒಡೆತನ ಬದಲಾಗುವುದಿಲ್ಲ. ಆದರೆ ಮುಂದೆ ಯಾವುದೇ ಪ್ರಸ್ತಾವ ಬಂದಾಗ ಆ ಮರವನ್ನು ಕುರಿತ ಲಿಖಿತ ಆಧಾರ ದೊರೆಯುತ್ತದೆ.

10. ಹಿರಿಯ ಮರದ ಆರೈಕೆ

– ಕಟ್ಟೆ ಕಟ್ಟುವಾಗ ಕಾಂಡಕ್ಕೆ ತಾಗಿ ಸಿಮೆಂಟು ಹಾಕಬಾರದು. ದೆಹಲಿಯಲ್ಲಿ ಮರದ ಸುತ್ತ 1 ಮೀಟರ್ ಅಂತರದಲ್ಲಿನ ಕಾಂಕ್ರೀಟನ್ನು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ಆದೇಶಿಸಿತ್ತು. ಬೇರಿಗೆ ನೀರು ಮತ್ತು ಗಾಳಿ ಇಳಿಯಲು ಇಷ್ಟಾದರೂ ಬೇಕು.
– ಕಾಂಡಕ್ಕೆ ಮೊಳೆ ಹೊಡೆದು ಫಲಕ ಹಾಕಬಾರದು. ತಂತಿ ಬಿಗಿಯಬಾರದು.
– ಬುಡದಲ್ಲಿ ಕಸ ಸುಡಬಾರದು. ಪೂಜೆಯ ದೀಪ, ಕರ್ಪೂರವನ್ನು ಪೊಟರೆಯೊಳಗೆ ಹಚ್ಚಬಾರದು. ಟೊಳ್ಳಾದ ಹುಣಸೆಯ ಒಳಗೆ ಬೆಂಕಿ ಹೊತ್ತಿದಲ್ಲಿ ಆರಿಸುವುದು ಕಷ್ಟ.
– ಆಲದ ಎಳೆಯ ಬಿಳಲುಗಳನ್ನು ಕತ್ತರಿಸಬಾರದು. ಮೂಲ ಕಾಂಡ ಹೋದ ಮೇಲೆ ಮರವನ್ನು ಹೊರುವವು ಅವೇ.
– ಒಣ ಕೊಂಬೆಯಿಂದ ಅಪಾಯವಿದ್ದಲ್ಲಿ ಆ ಕೊಂಬೆಯನ್ನು ಮಾತ್ರ ತೆಗೆಸಲು ಅರ್ಜಿ ಸಲ್ಲಿಸುವುದು. ಇಡೀ ಮರವನ್ನು ಕಡಿಸುವ ಅಗತ್ಯವಿರುವುದಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮರವನ್ನು ನಮ್ಮ ತಾತನವರೇ ನೆಟ್ಟಿದ್ದಾರೆ. ಆದರೂ ಅನುಮತಿ ಬೇಕೇ?
ಉತ್ತರ: ಬೇಕು. ವಿನಾಯಿತಿ ಪಡೆದ ಜಾತಿಯಲ್ಲದಿದ್ದಲ್ಲಿ ಸ್ವಂತ ಮರಕ್ಕೂ ಅನುಮತಿ ಪಡೆಯತಕ್ಕದ್ದು.

ಪ್ರಶ್ನೆ: ಮರ ಟೊಳ್ಳಾಗಿದೆ. ಅದು ಸತ್ತಂತೆ ಅಲ್ಲವೇ?
ಉತ್ತರ: ಅಲ್ಲ. ಮರದ ಜೀವಂತ ಭಾಗವು ತೊಗಟೆಯ ಒಳಪದರದಲ್ಲಿರುತ್ತದೆ. ಅನೇಕ ಹಿರಿಯ ಹುಣಸೆಗಳು ಒಳಗೆ ಟೊಳ್ಳಾಗಿದ್ದರೂ ಫಲ ಕೊಡುತ್ತಿರುತ್ತವೆ. ಆದರೂ ಬೀಳುವ ಅಪಾಯವಿದೆಯೇ ಎಂಬುದನ್ನು ಪರಿಶೀಲಿಸಲು ಕೋರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಮರ ಮನೆಯ ಮೇಲೆ ವಾಲಿದರೆ ಏನು ಮಾಡಬೇಕು?
ಉತ್ತರ: ಮನೆಯವರು ಮೊದಲು ಹೊರಬಂದು ಸುರಕ್ಷಿತ ಸ್ಥಳದಲ್ಲಿರತಕ್ಕದ್ದು. ಕೂಡಲೇ ಸ್ಥಳೀಯ ಸಂಸ್ಥೆ ಮತ್ತು ಅರಣ್ಯ ಕಛೇರಿಗೆ ತಿಳಿಸುವುದು, ತಂತಿ ತಾಗಿದ್ದಲ್ಲಿ ವಿದ್ಯುತ್ ಕಂಪನಿಗೂ ತಿಳಿಸುವುದು. ಛಾಯಾಚಿತ್ರ ತೆಗೆದಿಟ್ಟುಕೊಂಡು ನಂತರ ಲಿಖಿತವಾಗಿ ವರದಿ ಮಾಡುವುದು.

ಪ್ರಶ್ನೆ: ನೆರೆಯಲ್ಲಿ ಮರ ಕಡಿಯುತ್ತಿದ್ದಾರೆ. ಅನುಮತಿ ಇದೆಯೇ ಎಂದು ತಿಳಿಯುವುದು ಹೇಗೆ?
ಉತ್ತರ: ಅನುಮತಿ ಪತ್ರ ಇದೆಯೇ ಎಂದು ಅರಣ್ಯ ಕಛೇರಿಯಲ್ಲಿ ವಿಚಾರಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಆದೇಶದ ಪ್ರತಿಯನ್ನು ಕೋರಬಹುದು.

ಪ್ರಶ್ನೆ: ನಮ್ಮ ಊರಿನ ಮರ ದೊಡ್ಡ ಆಲದ ಮರದಷ್ಟು ದೊಡ್ಡದಲ್ಲ. ಆದರೂ ದಾಖಲಿಸಬಹುದೇ?
ಉತ್ತರ: ಖಂಡಿತವಾಗಿ ದಾಖಲಿಸಬಹುದು. ರಾಜ್ಯದಲ್ಲಿ ಪ್ರಥಮವಾಗಿರಬೇಕೆಂಬ ನಿಯಮವಿಲ್ಲ. ಊರಿನಲ್ಲಿ ಹಿರಿದಾಗಿದ್ದರೆ ಸಾಕು.

12. ಕೊನೆಯದಾಗಿ

ಹಿರಿಯ ಮರವೊಂದು ಇಂದು ಇರುವುದೆಂದರೆ, ಕಡಿಯಲು ಅವಕಾಶವಿದ್ದ ಹಲವು ತಲೆಮಾರಿನವರು ಕಡಿಯದೆ ಬಿಟ್ಟಿದ್ದಾರೆ ಎಂದೇ ಅರ್ಥ. ಈ ತಲೆಮಾರಿನವರು ಮಾಡಬಹುದಾದ ಅತ್ಯಂತ ಸರಳ ಕೆಲಸವೆಂದರೆ ಅಳತೆಪಟ್ಟಿ ಹಿಡಿದು ಸುತ್ತಳತೆ ಬರೆದಿಡುವುದು ಮತ್ತು ಕಡಿಯುವ ಮುನ್ನ ಅರ್ಜಿ ಸಲ್ಲಿಸುವುದು. ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕಿನ ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.